ಮೋತ್ಯಾನ ಕಣ್ಣು

ನಮ್ಮ ನಾಯಿ ಮೋತ್ಯಾನ ಎಡಗಣ್ಣು ಜೋಳದ ಸುಗ್ಗಿಯಿಂದಲೂ ಸೋರುತ್ತಲಿತ್ತು. ಮೂಡಲಗಿಯಲ್ಲಿ ಕೊಟ್ಟ ಹನಿ ಎಂಟು ದಿನ ಗುಣ ತೋರಿತು. ಗೋಕಾಕದ ಮುಲಾಮು ಅಷ್ಟೂ ಇಲ್ಲ. ಅದು ಮುಂಗಾಲಿನಿಂದ ಕಣ್ಣುಜ್ಜಿಕೊಂಡು ನರಳುವುದನ್ನು ನೋಡಲಾರದೆ, ಅಪ್ಪನ ಕಣ್ಣಿನ ಆಪರೇಶನ್ನಿನ ಬಳಿಕ ಉಳಿದಿದ್ದ ಹನಿಯನ್ನು ಕದ್ದು ಹಾಕಿದೆ. (ಅಪ್ಪನಿಗೆ ಈ ಸಂಗತಿ ಇಲ್ಲಿ ಓದಿಯೇ ತಿಳಿಯಬೇಕು.)

ಕೊನೆಗೆ ಸೋದರಮಾವನ ಊರು ಹುಕ್ಕೇರಿಗೆ ಒಯ್ದೆವು. ಡಾಕ್ಟರರು ನಾಯಿಗಿರುವ ಮೂರನೆಯ ರೆಪ್ಪೆಯನ್ನೆತ್ತಿ ಹುಲ್ಲಿನ ಮುಳ್ಳು ಸಿಕ್ಕಿದೆಯೇ ಎಂದು ಹುಡುಕಿದರು. ಬಣ್ಣದ ಹನಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. ಗಾಯವಿದ್ದರೆ ಹಸಿರಾಗಿ ಹೊಳೆಯುತ್ತದಂತೆ. ಏನೂ ಕಾಣಲಿಲ್ಲ.

"ಮೊದಲ ಏನ ಹಾಕೀರಿ?"

ಶೀಶೆ ತೋರಿಸಿದೆ.

"ಇದರಾಗ ಸ್ಟೀರಾಯ್ಡ್ ಐತಿ. ಗಾಯ ಇದ್ದಿದ್ದರ ಕಣ್ಣ ಹೋಗತಿತ್ತು, ತಮ್ಮಾ."

ರೋಗದ ಹೆಸರು ಅವರಿಗೂ ಸಿಗಲಿಲ್ಲ. ಈಗ ದಿನವೂ ಕಾಸಿ ಆರಿಸಿದ ನೀರಿನಿಂದ ಒರೆಸುತ್ತೇನೆ. ಶೀಶೆ ಕಂಡರೆ ಓಡುವ ಮೋತ್ಯಾ ಒದ್ದೆ ಅರಿವೆಗೆ ಮಾತ್ರ ತಾನಾಗಿಯೇ ಮುಖವೊಡ್ಡುತ್ತಾನೆ.