ಸುರ್ಮಾ ಡಬ್ಬಿಯಷ್ಟು ಕ್ಯಾಮರಾ

ಫೋನಿನಲ್ಲೇ ಕ್ಯಾಮರಾ ಇರುವಾಗ ಮತ್ತೊಂದು ಕ್ಯಾಮರಾ ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ. ಕೊಟ್ಟರೂ ಅವರು ಒಪ್ಪುವುದಿಲ್ಲ. ಆದರೂ ಕಳೆದ ಕೆಲವು ವರ್ಷಗಳಿಂದ ನಮ್ಮ ಕೈಚೀಲದಲ್ಲಿ, ಕನ್ನಡಕದ ಪೆಟ್ಟಿಗೆಗೂ ಟಿಪ್ಪಣಿ ಪುಸ್ತಕಕ್ಕೂ ನಡುವೆ, ಒಂದು ಪುಟ್ಟ ಕ್ಯಾಮರಾ ಜಾಗ ಮಾಡಿಕೊಂಡಿದೆ. ಪ್ಯಾನಾಸೋನಿಕ್‌ನ ಲುಮಿಕ್ಸ್ ಜಿಎಂ1 ಎಂದು ಅದರ ಹೆಸರು. 2013ರ ಅಕ್ಟೋಬರಿನಲ್ಲಿ ಪ್ರಕಟವಾದ ಮಾದರಿ, ಈಗ ಹೊಸದಾಗಿ ತಯಾರಾಗುವುದಿಲ್ಲ. ಗಲ್ಫಿನಿಂದ ಮರಳಿದ ಸೋದರಸಂಬಂಧಿಯೊಬ್ಬ ತನಗೆ ದೊಡ್ಡದೊಂದನ್ನು ಕೊಂಡು ಇದನ್ನು ಅರ್ಧ ಬೆಲೆಗೆ ನಮಗೆ ದಾಟಿಸಿದ. (ಒಬ್ಬರೇ ಇದ್ದು ನಾವು ನಾವು ಎನ್ನುವುದನ್ನು ದೊಡ್ಡಸ್ತಿಕೆ ಎಂದು ಓದುಗರು ತಿಳಿಯಬಾರದು. ಉರ್ದು ಶಾಲೆಯ ಉಸ್ತಾದರು ಕಲಿಸಿದ ‘ಹಮ್’ ಕನ್ನಡ ಶಾಲೆಗೆ ಬಂದ ಮೇಲೂ ನಾಲಗೆ ಬಿಟ್ಟು ಹೋಗಲಿಲ್ಲ.)

ಇದರ ಅಳತೆಯನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಉಳಿದ ಕತೆಯೆಲ್ಲ ಅದರಿಂದಲೇ ಹುಟ್ಟುತ್ತದೆ. ಅಗಲ 98.5 ಮಿಲಿಮೀಟರ್, ಎತ್ತರ 54.9, ದಪ್ಪ 30.4. ಬ್ಯಾಟರಿ, ಕಾರ್ಡು ಸೇರಿ ತೂಕ 204 ಗ್ರಾಂ. ಜೊತೆಗೆ ಬರುವ 12-32 ಮಿ.ಮೀ. ಜೂಮ್ ಲೆನ್ಸಿನದು 70 ಗ್ರಾಂ. ಎರಡನ್ನೂ ಕೂಡಿ ತಕ್ಕಡಿಗೆ ಹಾಕಿದರೆ ಕಾಲು ಕಿಲೋಗಿಂತ ಕೊಂಚ ಹೆಚ್ಚು. ಇಷ್ಟರೊಳಗೆ ಲೆನ್ಸು ಬದಲಾಯಿಸಬಹುದಾದ, 16 ಮೆಗಾಪಿಕ್ಸೆಲ್‌ನ ಪೂರ್ಣ ಪ್ರಮಾಣದ ಕ್ಯಾಮರಾ.

ಇಷ್ಟು ಚಿಕ್ಕದಾಗಲು ಸಾಧ್ಯವಾದದ್ದು ಕನ್ನಡಿ ತೆಗೆದದ್ದರಿಂದ. ಮದುವೆ ಮನೆಗಳಲ್ಲಿ ನಾವೆಲ್ಲ ಕಂಡಿರುವ ಎಸ್‌ಎಲ್‌ಆರ್ ಕ್ಯಾಮರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಅದು ಬಿಂಬವನ್ನು ಮೇಲಕ್ಕೆ ತಿರುಗಿಸಿ ಛಾಯಾಗ್ರಾಹಕನ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದ ಕ್ಷಣ ಮೇಲಕ್ಕೆ ಹಾರಿ ಬೆಳಕಿಗೆ ದಾರಿ ಬಿಟ್ಟು ಮತ್ತೆ ಕೆಳಗೆ ಬೀಳುತ್ತದೆ. ‘ಖಟ್’ ಎಂಬ ಆ ಸದ್ದಿನಲ್ಲಿ ಹೆಚ್ಚಿನ ಪಾಲು ಈ ಕನ್ನಡಿಯದೇ. ಹೀಗೆ ಹಾರಾಡುವುದಕ್ಕೆ ಅದಕ್ಕೆ ಜಾಗ ಬೇಕು. ಹಾಗಾಗಿ ಲೆನ್ಸು ಕೂರುವ ಲೋಹದ ಬಳೆಯಿಂದ ಸೆನ್ಸರಿನವರೆಗೆ ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ 46.5 ಮಿ.ಮೀ., ಕೆನಾನ್‌ಗಳಲ್ಲಿ 44 ಮಿ.ಮೀ. ಅಂತರ ಇಡಬೇಕಾಗಿತ್ತು. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಒಟ್ಟಾಗಿ ‘ಮೈಕ್ರೋ ಫೋರ್ ಥರ್ಡ್ಸ್’ ಎಂಬ ಹೊಸ ಪದ್ಧತಿ ತಂದವು. ಕನ್ನಡಿ ಇಲ್ಲ, ಸೆನ್ಸರು ಕಂಡದ್ದನ್ನೇ ನೇರವಾಗಿ ಪರದೆಗೆ ತೋರಿಸುವುದು. ಅಂತರ ಸುಮಾರು 20 ಮಿ.ಮೀ.ಗೆ ಇಳಿಯಿತು. ಅದೇ ವರ್ಷ ಬಂದ ಜಿ1 ಈ ವಂಶದ ಹಿರಿಯ ಮಗ. ನಮ್ಮದು ಐದು ವರ್ಷ ತಡವಾಗಿ ಹುಟ್ಟಿದ ಕೊನೆಯ ಕೂಸಿನಂಥದು, ಮನೆಯಲ್ಲೆಲ್ಲ ಚಿಕ್ಕದು.

ಚಿಕ್ಕದಾಗಿ ಮಾಡಹೊರಟವರು ಯಾವುದನ್ನು ಬಿಟ್ಟರು ಎಂಬುದನ್ನು ನೋಡಿದರೆ ಅವರ ಮನಸ್ಸು ತಿಳಿಯುತ್ತದೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಬಿರುಬಿಸಿಲಲ್ಲಿ ಹಿಂದಿನ ಪರದೆಯ ಮೇಲೆ ನಮ್ಮ ಮುಖವೇ ಕಾಣುತ್ತದೆ. ಹೊರಗಿನ ಫ್ಲಾಶ್ ಕೂರಿಸುವ ಜಾಗವಿಲ್ಲ, ಒಳಗೇ ಮಡಚಿಟ್ಟ ಪುಟ್ಟದೊಂದಿದೆ. ಬ್ಯಾಟರಿ ಎಷ್ಟು ತೆಳು ಎಂದರೆ ನಿಗದಿತ ಪರೀಕ್ಷೆಯ ಲೆಕ್ಕದಲ್ಲಿ ಸುಮಾರು 230 ಚಿತ್ರಕ್ಕೆ ಮುಗಿಯುತ್ತದೆ. ಇವೆಲ್ಲ ಸಣ್ಣ ಮಾತು, ಎರಡು ಬ್ಯಾಟರಿ ಇಟ್ಟುಕೊಂಡರೆ ಆಯಿತು. ದೊಡ್ಡ ರಾಜಿ ಆಗಿರುವುದು ಸೆನ್ಸರಿನಲ್ಲಿ ಮತ್ತು ಶಟರಿನಲ್ಲಿ.

ಸೆನ್ಸರಿನ ಅಳತೆ 17.3 × 13 ಮಿ.ಮೀ. ಹಳೆಯ ಫಿಲ್ಮ್ ಚೌಕಟ್ಟು 36 × 24. ಗುಣಿಸಿ ನೋಡಿದರೆ ನಮ್ಮದು ಅದರ ಕಾಲು ಭಾಗ ಮಾತ್ರ, ಸಾಮಾನ್ಯ ಫೋನುಗಳದಕ್ಕಿಂತ ಮಾತ್ರ ಹಲವು ಪಟ್ಟು ದೊಡ್ಡದು. ಇದರ ಅರ್ಥ ಏನೆಂಬುದು ನಮಗೆ ಬೀದರಿನಲ್ಲಿ ಚೆನ್ನಾಗಿ ತಿಳಿಯಿತು. ಅಲ್ಲಿ ನಮ್ಮ ಖಾಲಾ, ಅಮ್ಮಿಯ ಅಕ್ಕ, ಇದ್ದಾರೆ. ವರ್ಷಕ್ಕೆರಡು ಸಲವಾದರೂ ಹೋಗುತ್ತೇವೆ. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿದ್ರಿ ಕೆಲಸಗಾರರ ಕೋಣೆಗಳಿವೆ. ಬಾಗಿಲಿನಿಂದ ಬಂದಷ್ಟು ಬೆಳಕು, ಮೇಲೊಂದು ಟ್ಯೂಬ್‌ಲೈಟು. ಬಿದ್ರಿಯ ಒಡಲು ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹ. ಉಳಿಯಿಂದ ಬಳ್ಳಿ, ಹೂವು ಕೊರೆದು ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚಿದರೆ ಒಡಲು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಈ ಕಲೆಯ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಓದುಗರು ಬಲ್ಲರು.

ಕ್ಯಾಮರಾಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಕತ್ತಲ ಕೋಣೆ, ಕಡು ಕಪ್ಪು ಹೂಜಿ, ಅದರ ಮೇಲೆ ಹೊಳೆಯುವ ಬೆಳ್ಳಿ. ಬೆಳ್ಳಿಗೆ ಹೊಂದಿಸಿದರೆ ಕಪ್ಪೆಲ್ಲ ಒಂದೇ ಮಸಿಯಾಗಿ ಕುಶಲಕರ್ಮಿಯ ಕೈಯೂ ಮುಳುಗುತ್ತದೆ. ಕಪ್ಪಿಗೆ ಹೊಂದಿಸಿದರೆ ಬೆಳ್ಳಿಯ ಬಳ್ಳಿ ಸುಣ್ಣದ ಗೀಟಾಗುತ್ತದೆ. ದೊಡ್ಡ ಸೆನ್ಸರು ಈ ಎರಡರ ನಡುವೆ ಹೆಚ್ಚು ಮೆಟ್ಟಿಲು ಹಿಡಿಯಬಲ್ಲದು, ನಮ್ಮದು ಕಡಿಮೆ. ಜೂಮ್ ಲೆನ್ಸಿನ ಕಿಟಕಿಯೂ ಚಿಕ್ಕದು, ಅಗಲದ ಕಡೆ ಎಫ್ 3.5, ಹತ್ತಿರ ಎಳೆದರೆ 5.6. ಅದಕ್ಕೇ 20 ಮಿ.ಮೀ., ಎಫ್ 1.7ರ ಇನ್ನೊಂದು ಲೆನ್ಸನ್ನು ಹುಡುಕಿ ಕೊಂಡೆವು. ನೂರು ಗ್ರಾಂ ತೂಕದ, ಬಿಸ್ಕತ್ತಿನಂಥ ಲೆನ್ಸು. 3.5ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು, 5.6ಕ್ಕೆ ಹೋಲಿಸಿದರೆ ಹತ್ತು ಪಟ್ಟಿಗೂ ಮಿಕ್ಕಿ. ಫೋಕಸ್ ಹಿಡಿಯುವುದು ನಿಧಾನ, ಆದರೆ ಬಿದ್ರಿ ಕೆಲಸದಲ್ಲಿ ಯಾರಿಗೂ ಅವಸರವಿಲ್ಲ. ಇನ್ನೊಂದು ಲಾಭವನ್ನು ಹೇಳಲೇಬೇಕು. ಮುಷ್ಟಿಯಷ್ಟು ಕ್ಯಾಮರಾ ಹಿಡಿದು ಚಾಪೆಯ ಮೇಲೆ ಅವರೆದುರು ಕೂತರೆ ಅವರು ಸುತ್ತಿಗೆ ನಿಲ್ಲಿಸುವುದಿಲ್ಲ. ಪತ್ರಿಕೆಯವರು ದೊಡ್ಡ ಲೆನ್ಸು ಹಿಡಿದು ಬಂದರೆ ಅದೇ ಜನ ಅಂಗಿ ಸರಿಮಾಡಿಕೊಂಡು, ಮುಗಿದ ಹೂಜಿಯೊಂದನ್ನು ಕೈಗೆತ್ತಿಕೊಂಡು, ಕೆಲಸ ಮಾಡುವವರಂತೆ ನಟಿಸತೊಡಗುತ್ತಾರೆ. ಇಂಥ ಚಿತ್ರಗಳನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ.

ಇನ್ನು ಶಟರು. ಈ ಪುಟ್ಟ ಒಡಲಲ್ಲಿ ಮಾಮೂಲಿ ಶಟರಿಗೆ ಜಾಗವಿಲ್ಲದ್ದರಿಂದ ಇನ್ನೂ ಚಿಕ್ಕದೊಂದನ್ನು ಮಾಡಿ ಕೂರಿಸಿದರು. ಅದರ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕೆ ನಿಲ್ಲುತ್ತದೆ. ಬೀದರ್ ಕೋಟೆಯ ಮಧ್ಯಾಹ್ನದ ಬಿಸಿಲಿಗೆ ಇದು ಸಾಲದು. ಲೆನ್ಸಿನ ಕಿಟಕಿಯನ್ನು ಎಫ್ 11ರವರೆಗೆ ಮುಚ್ಚಬೇಕು, ಅಷ್ಟು ಮುಚ್ಚಿದರೆ ಈ ಅಳತೆಯ ಸೆನ್ಸರಿನಲ್ಲಿ ಚಿತ್ರದ ಮೊನಚು ಮೊಂಡಾಗುತ್ತದೆ. ಅದಕ್ಕಿಂತ ವೇಗ ಬೇಕೆಂದರೆ ವಿದ್ಯುನ್ಮಾನ ಶಟರು ಇದೆ. ಏನೂ ಅಲುಗಾಡುವುದಿಲ್ಲ, ಸೆಕೆಂಡಿನ 16,000ನೇ ಒಂದು ಭಾಗದವರೆಗೆ ಹೋಗುತ್ತದೆ, ಮತ್ತು ಸದ್ದೇ ಇಲ್ಲ.

ಈ ಸದ್ದಿಲ್ಲದ ಶಟರನ್ನು ಹೊಗಳಬೇಕಾದರೆ ಮುಶಾಯಿರಾಕ್ಕೆ ಹೋಗಬೇಕು. ಶಾಯರ್ ಒಂದು ಶೇರಿನ ಮೊದಲ ಸಾಲು ಹೇಳಿ ಎರಡನೆಯದಕ್ಕೆ ಸಭೆಯನ್ನು ಕಾಯಿಸುತ್ತಿರುವಾಗ ಮುಂದಿನ ಸಾಲಿನಿಂದ ಖಟ್ ಖಟ್ ಎಂದರೆ ಹೇಗಿರುತ್ತದೆ! ಕವಿಗೋಷ್ಠಿಗಳಲ್ಲೂ ಅಷ್ಟೆ. ಆದರೆ ಅದೇ ವೇದಿಕೆಯಲ್ಲೇ ಅದರ ಮಿತಿಯೂ ಎದುರಾಗುತ್ತದೆ. ಈ ಬಗೆಯ ಶಟರು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ನಾವು ಪುಟ ಓದುವ ಹಾಗೆ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಓದುವಾಗ ಕೆಲವು ಸಾಲುಗಳಿಗೆ ಬೆಳಕು ಸಿಕ್ಕಿ ಕೆಲವಕ್ಕೆ ಸಿಗದೆ, ಶಾಯರರ ಶೇರವಾನಿಯ ಮೇಲೆ ಅಡ್ಡ ಪಟ್ಟೆಗಳು ಬೀಳುತ್ತವೆ. ವೇಗವಾಗಿ ಬೀಸುವ ಸುತ್ತಿಗೆಯನ್ನು ತೆಗೆದರೆ ಅದರ ಹಿಡಿ ಬಾಗಿದ ಹಾಗೆ ಕಾಣುತ್ತದೆ. ಇದು ಒಂದು ಕಂಪನಿಯ ದೋಷವಲ್ಲ, ಆ ಕಾಲದ ಎಲ್ಲ ವಿದ್ಯುನ್ಮಾನ ಶಟರುಗಳ ಸ್ವಭಾವ. ಈಚಿನ ದುಬಾರಿ ಕ್ಯಾಮರಾಗಳಲ್ಲಿ ಓದುವ ವೇಗ ಬಹಳ ಹೆಚ್ಚಿದೆ.

ಆದರೆ ಸದ್ದಿಲ್ಲದ ಕ್ಯಾಮರಾದ ನಿಜವಾದ ಪ್ರಶ್ನೆ ಪಟ್ಟೆಗಳದ್ದಲ್ಲ. ಅದನ್ನು ಎತ್ತಿದವರು ನಮ್ಮ ಖಾಲಾ.

ನಮ್ಮ ದಾದಿಯ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ತೆಗೆಸಲೇ ಇಲ್ಲ. ಅಕ್ಕಿ ಆರಿಸುವ ಅವರ ಬೆರಳುಗಳು ನೆನಪಿವೆ, ಮುಖ ವರ್ಷ ವರ್ಷಕ್ಕೂ ಮಸುಕಾಗುತ್ತ ಈಗ ಅತ್ತೆಯೊಬ್ಬರ ಮುಖದ ಜೊತೆ ಬೆರೆತುಹೋಗಿದೆ. ಖಾಲಾರದು ಒಂದಿದೆ, ಹಜ್‌ಗೆ ಹೋಗುವಾಗ ಪಾಸ್‌ಪೋರ್ಟಿಗೆಂದು ತೆಗೆಸಿದ್ದು. ಉಸಿರು ಬಿಗಿಹಿಡಿದು ಕೂತ, ಯಾರದೋ ಎಂಬಂಥ ಮುಖ. ಎಂಬತ್ತು ದಾಟಿದ ಅವರ ನಗುವನ್ನು ಉಳಿಸಿಕೊಳ್ಳಬೇಕೆಂಬ ಆಸೆ ನಮ್ಮದು. ಕೇಳಿದಾಗಲೆಲ್ಲ ಒಂದೇ ಉತ್ತರ: “ನಕ್ಕೋ ಬೇಟಾ, ಫೋಟೂ ನಕ್ಕೋ.” ಚಿತ್ರ ತೆಗೆಸುವುದು ಸರಿಯೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಹಳೆಯದು, ಅದರ ತೀರ್ಪು ಹೇಳುವವರು ನಾವಲ್ಲ. ಖಾಲಾರ ತಕರಾರು ಅದಾಗಿರಲೂ ಇಲ್ಲ. ಮೊಮ್ಮಗಳ ಮದುವೆಯಲ್ಲಿ ಯಾರೋ ಫೋನಿನಲ್ಲಿ ತೆಗೆದ ಅವರ ಚಿತ್ರ ಸಂಜೆಯೊಳಗೆ ಹೈದರಾಬಾದಿನ ನೆಂಟರ ಫೋನುಗಳಲ್ಲಿತ್ತು. “ನನ್ನ ಮುಖ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಬೇಕು” ಎಂಬುದಷ್ಟೇ ಅವರ ಮಾತು.

ಜಿಎಂ1 ತೋರಿಸಿದಾಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಇದೇನು, ಕ್ಯಾಮರಾನಾ ಸುರ್ಮಾ ಡಬ್ಬಿಯಾ?” ಎಂದರು. ಆಮೇಲೆ, “ಇದರೊಳಗೆ ವಾಟ್ಸಪ್ ಇದೆಯಾ?”

“ಇಲ್ಲ ಖಾಲಾ.” ವೈಫೈ ಇದೆ, ಅದನ್ನು ನಾವು ಯಾವ ಫೋನಿಗೂ ಕೂಡಿಸಿಲ್ಲ. ಅದನ್ನೂ ವಿವರಿಸಿದೆವು. ಕಾರ್ಡನ್ನು ಹೊರತೆಗೆದು ಅಂಗೈ ಮೇಲಿಟ್ಟು, ಚಿತ್ರ ಇರುವುದು ಇದರಲ್ಲಿ ಮಾತ್ರ ಎಂದೆವು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ವಸ್ತು. ಅವರಿಗೆ ಅದು ಹಿಡಿಸಿತು. ಒಪ್ಪಿದರು.

ಅಂಗಳದ ಬಾಗಿಲ ಬಳಿ ಕೂರಿಸಿ, ಸದ್ದಿಲ್ಲದ ಶಟರಿನಲ್ಲಿ ತೆಗೆಯತೊಡಗಿದೆವು. ಖಾಲಾ ಪಾಸ್‌ಪೋರ್ಟಿನಲ್ಲಿ ಕೂತ ಹಾಗೇ ಕೂತರು. ಎಷ್ಟು ಹೊತ್ತಾದರೂ ಸಡಿಲವಾಗಲಿಲ್ಲ. ಕೊನೆಗೆ ತುಟಿ ಅಲುಗಿಸದೆ, “ಹೋಗಯಾ ಕ್ಯಾ?” ಎಂದರು.

“ಮೂರು ಆಯಿತು ಖಾಲಾ.”

“ನನಗೆ ಗೊತ್ತೇ ಆಗಲಿಲ್ಲವಲ್ಲ! ಸದ್ದು ಮಾಡದೆ ಮನೆಯೊಳಗೆ ಬರುವುದು ಬೆಕ್ಕು, ಇಲ್ಲ ಕಳ್ಳ.”

ಖಟ್ ಎಂಬ ಸದ್ದು ಒಂದು ಬಗೆಯ ಸಲಾಮು ಎಂಬುದು ನಮಗೆ ಹೊಳೆದದ್ದು ಆಗ. ಅದು ಕೇಳಿದರೆ ಎದುರಿನವರು ಮುಖ ತಿರುಗಿಸಬಹುದು, ಬೇಡ ಎನ್ನಬಹುದು, ಅಥವಾ ಮುಗಿಯಿತು ಎಂದು ಉಸಿರು ಬಿಡಬಹುದು. ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮರಾ ಸದ್ದು ಮಾಡಲೇಬೇಕೆಂಬ ಕಟ್ಟುಪಾಡಿದೆ. ಕಾನೂನಲ್ಲ, ಕಂಪನಿಗಳೇ ಒಪ್ಪಿಕೊಂಡು ನಡೆಸಿಕೊಂಡು ಬಂದದ್ದು. ಕದ್ದು ತೆಗೆಯುವವರ ಕಾಟ ತಡೆಯಲೆಂದು. ಕ್ಯಾಮರಾಗಳಿಗೆ ಅಂಥ ಕಟ್ಟುಪಾಡಿಲ್ಲ. ಜಾಹೀರಾತುಗಳಲ್ಲಿ ‘ಸಂಪೂರ್ಣ ನಿಶ್ಶಬ್ದ’ ಎಂಬುದು ಗುಣವೇ. ಮುಶಾಯಿರಾದಲ್ಲಿ ಹೌದು, ಖಾಲಾರ ಅಂಗಳದಲ್ಲಿ ಅಲ್ಲ. ಯಾಂತ್ರಿಕ ಶಟರಿಗೆ ಬದಲಾಯಿಸಿದೆವು. ಅದರ ಸದ್ದು ಮೆತ್ತಗೆ, ‘ಟಿಕ್’ ಎಂದಷ್ಟೆ. ಖಾಲಾರಿಗೆ ಸಾಕಾಯಿತು. ಟಿಕ್ ಎಂದ ಮೇಲೆ ಭುಜ ಇಳಿಸಿ, ನಮ್ಮ ಕಡೆ ನೋಡಿ ನಕ್ಕರು. ಎರಡನೆಯ ಟಿಕ್ ಆ ನಗುವಿನ ಮೇಲೆ ಬಿತ್ತು. ಹಿಂದೆಂದೂ ಯಾವ ಸ್ಟುಡಿಯೋದವರಿಗೂ ಸಿಗದ ನಗು.

ಇಂಥ ಕ್ಯಾಮರಾಗಳ ಕಾಲ ಬಹಳ ದಿನ ಬಾಳಲಿಲ್ಲ. 2014ರಲ್ಲಿ ಬಂದ ಜಿಎಂ5ರಲ್ಲಿ ಕಿಂಡಿ ಮತ್ತು ಫ್ಲಾಶ್ ಕೂರಿಸುವ ಜಾಗ ಕೊಟ್ಟು, ಒಳಗಿನ ಫ್ಲಾಶ್ ತೆಗೆದರು. ಆಮೇಲೆ ಆ ಸಾಲೇ ನಿಂತಿತು. 2013ರಲ್ಲಿ ಸೋನಿ ಎ7, 2018ರಲ್ಲಿ ನಿಕಾನ್, ಕೆನಾನ್ ಪೂರ್ಣ ಚೌಕಟ್ಟಿನ ಕನ್ನಡಿರಹಿತ ಕ್ಯಾಮರಾಗಳನ್ನು ತಂದವು. ಅವುಗಳ ಚಿತ್ರದ ಗುಣಕ್ಕೆ ಎರಡು ಮಾತಿಲ್ಲ, ಆದರೆ ಒಳ್ಳೆಯ ಲೆನ್ಸು ಸೇರಿಸಿದರೆ ಹೆಗಲು ಜಗ್ಗುತ್ತದೆ. ಕನ್ನಡಿ ಹೋಯಿತು, ತೂಕ ಹೋಗಲಿಲ್ಲ. ದೊಡ್ಡ ಸೆನ್ಸರಿಗೆ ದೊಡ್ಡ ಗಾಜೇ ಬೇಕು, ಅದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಚಿಕ್ಕದು ಬೇಕಾದವರು ಫೋನಿಗೆ ಹೋದರು. ನಮ್ಮಂಥವರು ಹಳೆಯ ಬ್ಯಾಟರಿಗಳನ್ನು ಜೋಪಾನ ಮಾಡಿಕೊಂಡಿದ್ದೇವೆ.

ಖಾಲಾರ ಆ ಚಿತ್ರವನ್ನು ಬೀದರಿನಲ್ಲೇ ಒಂದು ಪ್ರತಿ ಹಾಕಿಸಿ ತಂದೆವು. ಅಂಗಳದ ಬೆಳಕು ಇಳಿದಿದ್ದರಿಂದ ಐಎಸ್‌ಒ 1600ಕ್ಕೆ ಏರಿಸಿದ್ದೆವು. ಚಿಕ್ಕ ಸೆನ್ಸರು, ದುಪಟ್ಟಾದ ಕಪ್ಪಿನಲ್ಲಿ ಮರಳು ಉದುರಿಸಿದ ಹಾಗೆ ಕಾಣುತ್ತಿತ್ತು. ಅದನ್ನು ಹೇಳಿದರೆ, “ಇರಲಿ, ನನ್ನ ಕಣ್ಣಿಗೆ ಎಲ್ಲವೂ ಹಾಗೇ ಕಾಣುವುದು” ಎಂದರು. ಬಹಳ ಹೊತ್ತು ನೋಡಿ, ಕಬ್ಬಿಣದ ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗಿಟ್ಟು ಬೀಗ ಹಾಕಿದರು. ತಾವು ಹೋದ ಮೇಲೆ ಟ್ರಂಕು ತೆರೆದವರಿಗೆ ಅದು ಸಿಗಲಿ ಎಂದರು. ಬಳಿಕ ಕ್ಯಾಮರಾ ಕಡೆ ಕೈ ಚಾಚಿ, “ಒಳಗಿನದನ್ನು ಅಳಿಸು” ಎಂದರು.

ಒಂದೇ ಪ್ರತಿ ಖಾಲಾ, ಅದು ಹಾಳಾದರೆ ಏನು ಗತಿ ಎಂದು ವಾದಿಸಿದೆವು. ಕೇಳಲಿಲ್ಲ. ಅಳಿಸಬೇಕೇ ಎಂಬ ಪ್ರಶ್ನೆ ಮೂಡಿದ ಪರದೆಯನ್ನು ಅವರ ಮುಂದೆ ಹಿಡಿದು ‘ಹೌದು’ ಎಂಬುದು ಎಲ್ಲಿದೆಯೆಂದು ತೋರಿಸಿದೆವು. ಜಿಎಂ1ರದು ಮುಟ್ಟಿದರೆ ಕೆಲಸ ಮಾಡುವ ಪರದೆ. ಖಾಲಾ ಕನ್ನಡಕ ಸರಿಪಡಿಸಿಕೊಂಡು, ತಮ್ಮ ಬೆರಳಿನಿಂದಲೇ ಒತ್ತಿದರು.