ಹೆಸರುಕಾಳಿನ ಸಿನಿಮಾ

ಮಕ್ಕಳೇ, ನಿಮ್ಮ ಬೀದಿಯಲ್ಲಿ ಎರಡು ಮನೆಗಳ ಸಂದಿಯಲ್ಲಿ ಬೆಳೆದ ತೆಂಗಿನಮರ ಇದೆಯೇ? ಇದ್ದರೆ, ಅದು ನೆಟ್ಟಗಿದೆಯೋ ಬಾಗಿದೆಯೋ ಒಮ್ಮೆ ನೋಡಿ. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಇಲ್ಲಿನ ಅನೇಕ ಮರಗಳು ರಸ್ತೆಯ ಕಡೆಗೆ ಕತ್ತು ಚಾಚಿ ನಿಂತಿವೆ. "ಮರ ಯಾಕೆ ಮಿಸ್ ರೋಡ್ ಕಡೆಗೇ ಬಗ್ಗಿರೋದು?" ಎಂದು ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳು. ಆ ಒಂದು ಪ್ರಶ್ನೆಯಿಂದ ನಾವು ಒಂದು ಸಿನಿಮಾ ಮಾಡಬೇಕಾಯಿತು!

ಉತ್ತರವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯಬಹುದಿತ್ತು. ಗಿಡದ ತುದಿಯಲ್ಲಿ ಆಕ್ಸಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಬೆಳಕು ಒಂದೇ ಕಡೆಯಿಂದ ಬಿದ್ದಾಗ ನೆರಳಿನ ಬದಿಯಲ್ಲಿ ಅದು ಹೆಚ್ಚು ಸೇರುತ್ತದೆ. ಆ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗುವುದರಿಂದ ಕಾಂಡ ಬೆಳಕಿನತ್ತ ಬಾಗುತ್ತದೆ. ಇದಕ್ಕೆ ದ್ಯುತಿ ಅನುವರ್ತನೆ ಎಂದು ಹೆಸರು. ಆದರೆ ಮಕ್ಕಳು ಕೇಳಿದ್ದು ಹೆಸರನ್ನಲ್ಲ, "ಅದು ಬಗ್ಗೋದನ್ನ ನೋಡಬಹುದಾ ಮಿಸ್?" ಎಂದು. ಗಿಡದ ಚಲನೆ ಬಹಳ ನಿಧಾನ. ಕಣ್ಣಿಗೆ ಕಾಣಬೇಕಾದರೆ ಕಾಲವನ್ನು ಕುಗ್ಗಿಸಬೇಕು. ಆ ಕೆಲಸವನ್ನು ಸಿನಿಮಾ ಮಾಡಬಲ್ಲದು.

ಇದು ಹೊಸ ಉಪಾಯವೇನಲ್ಲ. ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ತೆರೆಗೆ ಬಂತು. ಅದಕ್ಕೂ ಮೊದಲು ಅವರು ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಬಿಡಿಬಿಡಿಯಾಗಿ ಚಿತ್ರಿಸಿ, ಒಂದು ಪುಟ್ಟ ಚಿತ್ರ ಮಾಡಿದ್ದರು. "ಹಾಗಾದರೆ ನಾವು ಹೆಸರುಕಾಳು ತಗೊಳ್ಳೋಣ, ಬೇಗ ಮೊಳೆಯುತ್ತೆ" ಎಂದರು ಮಕ್ಕಳು. ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನದಂದು ಚಿತ್ರವನ್ನು ತೋರಿಸುವುದೆಂದು ನಿರ್ಧಾರವಾಯಿತು.

ಮೊದಲು ಕಾಗದದ ಮೇಲೆ ಯೋಜನೆ. ಒಂದು ಹಾಳೆಯಲ್ಲಿ ಎಂಟು ಚೌಕ ಬರೆದು, ಯಾವ ದೃಶ್ಯದ ನಂತರ ಯಾವುದು ಎಂದು ಚಿತ್ರ ಬಿಡಿಸಿದೆವು. ಬೀದಿಯ ತೆಂಗಿನಮರ, ಮಕ್ಕಳ ಪ್ರಶ್ನೆ, ಕರಟದಲ್ಲಿ ಹೆಸರು ಸಸಿ, ಅದು ಕಿಟಕಿಯತ್ತ ಬಾಗುವುದು, ಆಮೇಲೆ ಕರಟವನ್ನು ಹಿಂದುಮುಂದಾಗಿ ತಿರುಗಿಸುವುದು. ತಿರುಗಿಸಿದ ಸಸಿ ಮತ್ತೆ ಕಿಟಕಿಯತ್ತಲೇ ಬಾಗಿದರೆ ಬೆಳಕೇ ಕಾರಣ ಎನ್ನಬಹುದು. ಇಡೀ ಚಿತ್ರದ ಜೀವ ಇದ್ದುದು ಈ ತಿರುಗಿಸುವ ದೃಶ್ಯದಲ್ಲಿ.

ಮುಂದೆ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಗುತ್ತವೆ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕಾಲು ಗಂಟೆಗೊಂದು ಚಿತ್ರ ತೆಗೆದರೆ ದಿನಕ್ಕೆ 25. ಅಂದರೆ ಇಡೀ ದಿನದ ದುಡಿಮೆ ತೆರೆಯ ಮೇಲೆ ಬರೀ ಒಂದು ಸೆಕೆಂಡ್! ಮಕ್ಕಳ ಮುಖ ಸಪ್ಪಗಾಯಿತು. ಕೊನೆಗೆ ಸೆಕೆಂಡಿಗೆ 10 ಚಿತ್ರ ಸಾಕೆಂದು ತೀರ್ಮಾನಿಸಿದೆವು. ಸ್ವಲ್ಪ ಜಿಗಿದಂತೆ ಕಂಡರೂ ಸಸಿ ಬಾಗುವುದು ತಿಳಿಯುತ್ತದೆ. ಆರು ದಿನ, ಸುಮಾರು 150 ಚಿತ್ರ, 15 ಸೆಕೆಂಡ್.

ಕ್ಯಾಮೆರಾ ಎಂದರೆ ನನ್ನ ಮೊಬೈಲ್. ಅದನ್ನು ಜಾಮಿಟ್ರಿ ಬಾಕ್ಸ್‌ಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇಟ್ಟಿಗೆಗಳ ಮೇಲೆ ಇಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆವು. ಮೊದಲ ದಿನವೇ ಯಾರೋ ಕರೆ ಮಾಡಿದರು. ಮೊಬೈಲ್ ನಡುಗಿ ಜಾಗ ಬದಲಿಸಿತು. ಅಂದಿನಿಂದ ಶಾಲೆ ಬಿಡುವವರೆಗೂ ಅದಕ್ಕೆ ಮೌನವ್ರತ.

ಇನ್ನೊಂದು ತೊಡಕು ಬೆಳಕಿನದು. ಸಸಿಯ ಒಂದು ಬದಿಗೆ ಕಿಟಕಿಯ ಬೆಳಕು, ಇನ್ನೊಂದು ಬದಿ ಕತ್ತಲು. ಆಗ ನಾನು ವಿ. ಕೆ. ಮೂರ್ತಿಯವರ ಕಥೆ ಹೇಳಿದೆ. ಮೈಸೂರಿನಲ್ಲಿ ಹುಟ್ಟಿದ ಅವರು ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ 'ಕಾಗಜ್ ಕೆ ಫೂಲ್' ಎಂಬ ಹಿಂದಿ ಚಿತ್ರಕ್ಕಾಗಿ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೊ ಒಳಗೆ ತಂದು ಬೆಳಕಿನ ಕೋಲು ಮೂಡಿಸಿದರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ಮಾರನೆಯ ದಿನ ಒಬ್ಬ ಹುಡುಗ ಮನೆಯಿಂದ ಕನ್ನಡಿ ತಂದ. ಅದನ್ನು ಕತ್ತಲ ಬದಿಗೆ ಇಟ್ಟೊಡನೆ ಸಸಿ ಚೆನ್ನಾಗಿ ಕಂಡಿತು. ಆದರೆ ಮೊದಲು ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಕೇಳಿದಳು: "ಮಿಸ್, ಎರಡೂ ಕಡೆ ಬೆಳಕು ಬಿದ್ದರೆ ಅದು ಯಾವ ಕಡೆ ಬಗ್ಗುತ್ತೆ?" ಹೌದಲ್ಲ! ಕ್ಯಾಮೆರಾಕ್ಕೆ ಕೊಟ್ಟ ಬೆಳಕು ಸಸಿಗೂ ಸಿಗುತ್ತದೆ. ಆದ್ದರಿಂದ ಚಿತ್ರ ತೆಗೆಯುವ ಆ ಎರಡು ಕ್ಷಣ ಮಾತ್ರ ಕನ್ನಡಿ ಹಿಡಿಯುವುದೆಂದು ನಿಯಮ ಮಾಡಿದೆವು.

ಧ್ವನಿ ಮುದ್ರಿಸಲು ಹೊರಟಾಗ ತರಗತಿಯಲ್ಲಿ ಮಾತು ಗೋಡೆಗೆ ಬಡಿದು ಪ್ರತಿಧ್ವನಿಸುತ್ತಿತ್ತು. ಬಿಸಿಯೂಟದ ಅಕ್ಕಿ ಮೂಟೆಗಳಿರುವ ಕೋಣೆಗೆ ಹೋದೆವು. ಮೂಟೆಗಳು ಶಬ್ದವನ್ನು ಹೀರಿಕೊಂಡು, ಮಾತು ರೇಡಿಯೊದಲ್ಲಿ ಬಂದಂತೆ ಸ್ಪಷ್ಟವಾಯಿತು.

ಬುಧವಾರ ಶುರುವಾದ ಚಿತ್ರೀಕರಣ ಶನಿವಾರದವರೆಗೆ ಚೆನ್ನಾಗಿಯೇ ನಡೆಯಿತು. ಸಸಿ ಕಿಟಕಿಯತ್ತ ಬಾಗಿತ್ತು. ಸೋಮವಾರ ರಜೆ. ಶನಿವಾರ ಮಧ್ಯಾಹ್ನ ನಾನು ಅವಸರದಲ್ಲಿ ಕೋಣೆಗೆ ಬೀಗ ಹಾಕಿ ಹೊರಟೆ. ನೀರಿನ ವ್ಯವಸ್ಥೆ ನೆನಪಾಗಲಿಲ್ಲ. ಮಂಗಳವಾರ ಬಂದು ನೋಡಿದರೆ ಕರಟದ ಮಣ್ಣು ಬಿರುಕು ಬಿಟ್ಟಿತ್ತು. ಸಸಿ ಒಣಗಿ ಮಲಗಿತ್ತು. ಮಕ್ಕಳು ಯಾರೂ ಮಾತಾಡಲಿಲ್ಲ.

ವಿಜ್ಞಾನ ದಿನಕ್ಕೆ ಇನ್ನು ಎರಡೇ ವಾರ. ಒಬ್ಬ ಹುಡುಗನ ಮನೆಯಲ್ಲಿ ಅದೇ ದಿನ ನೆನೆಸಿದ ಕಾಳಿನ ಸಸಿ ಇತ್ತು. ನಾನೇ ಹೇಳಿದೆ: "ಅದನ್ನು ತನ್ನಿ. ಮೊದಲ ನಾಲ್ಕು ದಿನಕ್ಕೆ ಈ ಸಸಿ, ತಿರುಗಿಸಿದ ಮೇಲೆ ಆ ಸಸಿ. ಜೋಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ."

ಆ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಆದರೆ ಮಿಸ್, ಈ ಸಸಿ ತಿರುಗುತ್ತಿತ್ತೋ ಇಲ್ಲವೋ ನಾವು ನೋಡೇ ಇಲ್ಲವಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ನೋಡದೇ ಇದ್ದುದನ್ನು ನೋಡಿದೆವು ಎಂದು ಬರೆಯಬಾರದು ಎನ್ನುವುದು ನಾನೇ ಹೇಳಿಕೊಟ್ಟ ಪಾಠ.

ಅಂದೇ ಹೊಸ ಕಾಳು ನೆನೆಸಿದೆವು. ಈ ಸಲ ಮಕ್ಕಳು ನನ್ನ ನೆನಪನ್ನು ನಂಬಲಿಲ್ಲ! ನೀರು ತುಂಬಿದ ಬಾಟಲಿಯಿಂದ ದಪ್ಪ ಹತ್ತಿದಾರವನ್ನು ಕರಟದ ಮಣ್ಣಿಗೆ ಇಳಿಬಿಟ್ಟರು. ದೀಪದ ಬತ್ತಿ ಎಣ್ಣೆ ಹೀರುವಂತೆ ದಾರ ನೀರು ಹೀರಿ ಮಣ್ಣನ್ನು ಒದ್ದೆಯಾಗಿಟ್ಟಿತು. ಸಸಿ ಬಾಗಿತು. ತಿರುಗಿಸಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಕಿಟಕಿಯ ಕಡೆಗೇ ಬಾಗಿತ್ತು. ತರಗತಿಯಲ್ಲಿ ಎದ್ದ ಕೂಗಿಗೆ ಪಕ್ಕದ ಕೋಣೆಯ ಮೇಷ್ಟ್ರು ಓಡಿ ಬಂದರು.

ಕೊನೆಗೆ ಸಂಕಲನ, ಅಂದರೆ ಎಡಿಟಿಂಗ್. ಮಸುಕಾದ ಚಿತ್ರಗಳನ್ನು ತೆಗೆದುಹಾಕಬಹುದೇ? ಹಾಕಬಹುದು, ಅದರಿಂದ ನಡೆದ ಸಂಗತಿ ಬದಲಾಗುವುದಿಲ್ಲ. ಹಿಂದಿನದನ್ನು ಮುಂದೆ ಜೋಡಿಸಬಹುದೇ? ಕೂಡದು. ಹೀಗೆ ಒಂದೊಂದು ಚಿತ್ರಕ್ಕೂ ಚರ್ಚೆ ನಡೆದು ಮೂರು ನಿಮಿಷದ ಸಿನಿಮಾ ಸಿದ್ಧವಾಯಿತು. ಒಣಗಿದ ಸಸಿಯ ಚಿತ್ರವನ್ನು ಬಿಟ್ಟುಬಿಡೋಣ ಎಂದು ನನಗನಿಸಿತ್ತು. ಪೋಷಕರೂ ಮುಖ್ಯೋಪಾಧ್ಯಾಯರೂ ನೋಡುವ ಚಿತ್ರ, ತಪ್ಪೋ ನನ್ನದು. ಮಕ್ಕಳು ಒಪ್ಪಲಿಲ್ಲ. ಎರಡನೇ ಸಸಿ ಯಾಕೆ ಬೇಕಾಯಿತೆಂದು ನೋಡುವವರಿಗೆ ತಿಳಿಯಬೇಕು ಎಂದರು.

ವಿಜ್ಞಾನ ದಿನದಂದು ಕತ್ತಲು ಮಾಡಿದ ಕೋಣೆಯಲ್ಲಿ ಚಿತ್ರ ಓಡಿತು. ಒಣಗಿದ ಸಸಿ ತೆರೆಯ ಮೇಲೆ ಬಂದಾಗ ನಾನು ಕಣ್ಣು ತಗ್ಗಿಸಿದೆ. ಮತ್ತೆ ತಲೆಯೆತ್ತಿದಾಗ ಅದರ ಕೆಳಗಿನ ಸಾಲು ಕಂಡಿತು. ಆ ಸಾಲನ್ನು ಬರೆದವರು ಮಕ್ಕಳೇ. "ಈ ಸಸಿಗೆ ನೀರು ಹಾಕಲು ನಾವು ಮರೆತೆವು" ಎಂದಿತ್ತು. 'ಮಿಸ್ ಮರೆತರು' ಎಂದು ಬರೆದಿರಲಿಲ್ಲ.

ನೀವೂ ಒಂದು ಕರಟ, ನಾಲ್ಕು ಹೆಸರುಕಾಳು ತೆಗೆದುಕೊಳ್ಳಿ. ಮೊಬೈಲ್ ಇಲ್ಲದಿದ್ದರೆ ದಿನಕ್ಕೆರಡು ಸಲ ಪುಸ್ತಕದ ಮೂಲೆಯಲ್ಲಿ ಸಸಿಯ ಚಿತ್ರ ಬಿಡಿಸಿ, ಹಾಳೆಗಳನ್ನು ಸರಸರನೆ ಮಗುಚಿ. ಅದೂ ಸಿನಿಮಾವೇ. ಶನಿವಾರ ಮನೆಗೆ ಹೋಗುವ ಮುನ್ನ ನೀರು ಹಾಕುವುದನ್ನು ಮಾತ್ರ ಮರೆಯಬೇಡಿ.