ಬಯಲಿನಲ್ಲಿ ತೆರೆದ ಕಿವಿ

ನನ್ನ ತಾಯಿ ಸುಮಾರು ನಲವತ್ತು ವರ್ಷ ನಮ್ಮ ಚರ್ಚಿನ ಗಾಯನ ಮಂಡಳಿಯಲ್ಲಿ ಎರಡನೆಯ ಸ್ವರ ಹಾಡಿದವರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಮ್ಮ ಹಾಡಿನ ಪುಸ್ತಕವನ್ನು ಮಂಡಳಿಯ ಒಬ್ಬ ಹುಡುಗಿಯ ಕೈಗಿತ್ತು ಮನೆಗೆ ಬಂದರು. ಕೇಳಿದರೆ ಮಂಡಿನೋವು ಎಂದರು. ನಾವೂ ನಂಬಿದೆವು. ಪಕ್ಕದಲ್ಲಿ ಹಾಡುವವರ ಸ್ವರ ತಮಗೆ ಕೇಳಿಸುತ್ತಿಲ್ಲ, ಹಾಗಾಗಿ ತಮ್ಮ ಸ್ವರ ಎಲ್ಲಿ ತಪ್ಪುತ್ತಿದೆಯೋ ತಿಳಿಯುತ್ತಿಲ್ಲ ಎಂಬ ನಿಜವಾದ ಕಾರಣ ಹೊರಗೆ ಬರಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ವೈದ್ಯರು ಇದು ವಯೋಸಹಜ ಎಂದರು. ಮುಪ್ಪಿನಲ್ಲಿ ಶ್ರವಣಶಕ್ತಿ ಒಮ್ಮೆಗೇ ಕುಂದುವುದಿಲ್ಲವಂತೆ. ಮೊದಲು ಹೋಗುವುದು ಎತ್ತರದ ಸ್ವರಗಳು. ಹಕ್ಕಿಯ ದನಿ, ಮಕ್ಕಳ ಮಾತು, ಪಿಟೀಲಿನ ಮೇಲಿನ ತಂತಿ ದೂರವಾಗುತ್ತವೆ. ಮದ್ದಳೆಯ ಎಡಮೈಯಂತಹ ಕೆಳದನಿ ಬಹುಕಾಲ ಉಳಿಯುತ್ತದೆ. ಶ್ರವಣಯಂತ್ರ ತಂದುಕೊಟ್ಟೆವು. ಆದರೆ ಅದನ್ನು ಹಾಕಿಕೊಂಡು ಹೋದ ಮೊದಲ ರೋಸ್ ಸಮಾರಂಭದಲ್ಲಿಯೇ ಅವರು ಅದನ್ನು ಕಿತ್ತು ಕೈಚೀಲಕ್ಕೆ ಹಾಕಿದರು. ತಗಡಿನ ಮಾಡು, ನಾಲ್ಕೂ ಕಡೆ ಗೋಡೆ, ಮೂಲೆಮೂಲೆಗೆ ಧ್ವನಿವರ್ಧಕ. ಒಂದು ಮಾತು ಕೇಳಿಸುವ ಮೊದಲೇ ಅದರ ಹತ್ತು ಪ್ರತಿಧ್ವನಿಗಳು ಕಿವಿಗೆ ಬಂದು ಬೀಳುತ್ತಿದ್ದವು. ಯಂತ್ರಕ್ಕೆ ಮಾತು ಯಾವುದು, ಗದ್ದಲ ಯಾವುದು ಎಂಬ ವಿವೇಚನೆ ಎಲ್ಲಿಂದ ಬರಬೇಕು?

ಅಂದಿನಿಂದ ಅವರು ಹೊರಗೆ ಹೋಗುವುದನ್ನು ಕಡಿಮೆ ಮಾಡಿದರು. ನಾನೂ ಕರೆಯುವುದನ್ನು ಕಡಿಮೆ ಮಾಡಿದೆ. ‘ಅಮ್ಮನಿಗೆ ಕಷ್ಟವಾಗುತ್ತದೆ’ ಎಂದು ಬಂಧುಗಳಿಗೆ ಹೇಳುತ್ತಿದ್ದೆ. ಪ್ರತಿ ಮಾತನ್ನೂ ಎರಡೆರಡು ಸಲ ಜೋರಾಗಿ ಹೇಳುವಾಗ ಸುತ್ತಲಿನವರು ತಿರುಗಿ ನೋಡುವುದು ನನಗೆ ಕಷ್ಟವಾಗುತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

2023ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಮತ್ತೆ ನಡೆಯುತ್ತದೆ ಎಂಬ ಸುದ್ದಿ ಬಂತು. ಡಾ. ಎಂ. ಮೋಹನ ಆಳ್ವರು ಕಟ್ಟಿ ಬೆಳೆಸಿದ ಈ ಉತ್ಸವ 2020ರ ಜನವರಿಯ ಬಳಿಕ ಕೊರೋನಾದಿಂದಾಗಿ ನಿಂತಿತ್ತು. ಹಿಂದೆ ಇದು ಮಿಜಾರಿನ ಶೋಭಾವನದಲ್ಲಿ, ಔಷಧೀಯ ಗಿಡಮರಗಳ ತೋಟದ ನಡುವೆ ನಡೆಯುತ್ತಿದ್ದಾಗ ನಾವು ಕುಟುಂಬ ಸಮೇತ ಹೋಗಿದ್ದುಂಟು. ಅನಂತರ ಅದು ಪುತ್ತಿಗೆಪದವಿನ ವಿಶಾಲ ಬಯಲಿಗೆ ಬಂತು. ಪ್ರವೇಶಕ್ಕೆ ಹಣವಿಲ್ಲ, ಸಾವಿರ ಸಾವಿರ ಕುರ್ಚಿಗಳು, ಮೇಲೆ ಆಕಾಶ. ಹೇಳಿದ ಹೊತ್ತಿಗೆ ಆರಂಭಿಸುವ ಅವರ ಶಿಸ್ತನ್ನು ನಮ್ಮ ಕರಾವಳಿಯ ಸಭೆ ಸಮಾರಂಭಗಳ ಸಂಘಟಕರು ಒಮ್ಮೆಯಾದರೂ ನೋಡಿ ಬರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

“ಪಪ್ಪಾ, ಅಜ್ಜಿಯನ್ನೂ ಕರೆದುಕೊಂಡು ಹೋಗೋಣ” ಎಂದಳು ಮಗಳು.

“ಅಷ್ಟು ಜನರ ನಡುವೆ ಅವರಿಗೆ ಏನು ಕೇಳಿಸುತ್ತದೆ?” ಎಂದೆ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೇಳಿಸಬಾರದ ಮಾತುಗಳು ಕಿವಿ ಮಂದವಾದವರಿಗೆ ಹೇಗೋ ಕೇಳಿಸಿಬಿಡುತ್ತವೆ. ಅವರು ಏನೂ ಹೇಳದೆ ಒಳಗೆ ಹೋಗಿ ಸೀರೆ ಬದಲಿಸಿ, ಭುಜಕ್ಕೊಂದು ಶಾಲು ಹೊದ್ದು ಬಂದರು.

ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆ ತಲುಪುವಾಗ ಹೊತ್ತು ಮುಳುಗಿತ್ತು. ಮುಂದಿನ ಕುರ್ಚಿಗಳೆಲ್ಲ ತುಂಬಿದ್ದವು. ಹಿಂದೆ, ಅಂಚಿನಲ್ಲಿ ಕುಳಿತೆವು. ವೇದಿಕೆಯ ಮೇಲಿನ ಕಲಾವಿದರು ಅಲ್ಲಿಂದ ಗೋದಲಿಯ ಗೊಂಬೆಗಳಷ್ಟೇ ಕಾಣುತ್ತಿದ್ದರು. ನಾನು ಒಳಗೊಳಗೇ ಮಗಳ ಮೇಲೆ ಸಿಡುಕಿದೆ.

ಮೊದಲ ಹತ್ತು ನಿಮಿಷ ಅಮ್ಮ ಸುಮ್ಮನೆ ಕುಳಿತಿದ್ದರು. ಬಳಿಕ ಕೈಚೀಲ ತೆರೆದು ಯಂತ್ರವನ್ನು ತೆಗೆದು ಕಿವಿಗೆ ಸೇರಿಸಿಕೊಂಡರು. ನಾನು ನೋಡದವನಂತೆ ನೋಡುತ್ತಿದ್ದೆ. ಗಾಯಕರು ಆಲಾಪ ಮುಗಿಸಿ ತಬಲಾ ಸೇರಿಕೊಂಡಾಗ ಅವರ ಬಲಗೈಯ ಬೆರಳುಗಳು ಮೊಣಕಾಲಿನ ಮೇಲೆ ಚಲಿಸತೊಡಗಿದವು. ತಪ್ಪು ತಾಳವಲ್ಲ. ಸರಿಯಾಗಿ ಸಮಕ್ಕೆ ಬಂದು ಬೀಳುತ್ತಿದ್ದ ತಾಳ.

“ಕೇಳಿಸುತ್ತದೆಯೆ?” ಎಂದು ಅವರ ಕಿವಿಯ ಬಳಿ ಬಾಗಿ ಕೇಳಿದೆ.

“ಕಿರುಚಬೇಡ ಪುತಾ, ಕೇಳಿಸುತ್ತದೆ” ಎಂದರು.

ಇದು ಪವಾಡವೆಂದು ನಾನು ಬರೆಯುತ್ತಿಲ್ಲ. ಆಮೇಲೆ ವಿಚಾರಿಸಿದಾಗ ಇದರ ಹಿಂದೆ ಸರಳವಾದ ಲೆಕ್ಕವಿದೆ ಎಂದು ತಿಳಿಯಿತು. ಬಯಲಿನಲ್ಲಿ ಗೋಡೆಯಿಲ್ಲ, ಮಾಡಿಲ್ಲ; ಹೊರಟ ಸ್ವರ ತಿರುಗಿ ಬರುವುದಿಲ್ಲ. ಒಂದು ಸ್ವರ ಮುಗಿದ ಮೇಲೆಯೇ ಮತ್ತೊಂದು ಕಿವಿಯನ್ನು ಮುಟ್ಟುತ್ತದೆ. ಶ್ರವಣಯಂತ್ರ ಬಳಸುವವರಿಗೆ ಈ ಪ್ರತಿಧ್ವನಿಯೇ ದೊಡ್ಡ ಶತ್ರು. ಇನ್ನೊಂದು ಕಾರಣ ರಾತ್ರಿಯದು. ಹಗಲಿನಲ್ಲಿ ಕಾದ ನೆಲದ ಬಳಿಯ ಬಿಸಿಗಾಳಿ ಶಬ್ದವನ್ನು ಮೇಲಕ್ಕೆ ಬಾಗಿಸಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗನೆ ತಣಿಯುತ್ತದೆ. ಕೆಳಗೆ ತಂಪುಗಾಳಿ, ಮೇಲೆ ಬೆಚ್ಚನೆಯದು. ಆಗ ಶಬ್ದ ಕೆಳಕ್ಕೆ ಬಾಗಿ ನೆಲದ ಮಗ್ಗುಲಲ್ಲೇ ದೂರ ಸಾಗುತ್ತದೆ. ಗ್ರೀಸಿನ ಎಪಿಡಾರಸ್‌ನಲ್ಲಿ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಗುಡ್ಡದ ಇಳಿಜಾರನ್ನು ಕಡೆದು ಮೆಟ್ಟಿಲು ಮಾಡಿ, ಸಾವಿರಾರು ಜನ ಧ್ವನಿವರ್ಧಕವಿಲ್ಲದೆ ನಾಟಕ ಕೇಳುತ್ತಿದ್ದರು.

ಆದರೆ ಅಷ್ಟು ದೂರ ಹೋಗುವ ಅಗತ್ಯವೇನಿದೆ? ಅಮ್ಮನ ತವರು ಬೆಳ್ತಂಗಡಿ ತಾಲೂಕಿನ ವೇಣೂರಿನ ಸಮೀಪ. ಮಧ್ಯಂತರದಲ್ಲಿ, ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅವರು ತಮ್ಮ ಬಾಲ್ಯದ ಬಯಲಾಟಗಳ ಕಥೆ ಹೇಳತೊಡಗಿದರು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ, ಗ್ಯಾಸ್‌ಲೈಟಿನ ಬೆಳಕು, ಮನೆಯಿಂದ ಹೊತ್ತೊಯ್ದ ಚಾಪೆ, ಕಾಗದದ ಪೊಟ್ಟಣದಲ್ಲಿ ಚರುಂಬುರಿ. ಹಿಂದೂ, ಜೈನ, ಕ್ರೈಸ್ತ ಎನ್ನದೆ ಇಡೀ ಊರು ಅಲ್ಲಿರುತ್ತಿತ್ತು. ಎಲ್ಲ ರಾತ್ರಿಗಳಿಗೂ ಅಜ್ಜ ಅನುಮತಿ ಕೊಡುತ್ತಿರಲಿಲ್ಲ. ಹೋಗಲಾಗದ ರಾತ್ರಿ ಅವರು ಜಗಲಿಯಲ್ಲಿ ಮಲಗಿ ಕೇಳುತ್ತಿದ್ದರಂತೆ. ಎರಡು ಗುಡ್ಡಗಳಾಚೆಯ ಚೆಂಡೆ ಮಧ್ಯರಾತ್ರಿಯ ಬಳಿಕ ಅಂಗಳದಲ್ಲೇ ಬಾರಿಸಿದಂತೆ ಕೇಳುತ್ತಿತ್ತಂತೆ. “ಚೆಂಡೆಯ ಪೆಟ್ಟಿನ ಮೇಲೆಯೇ ಯಾವ ವೇಷ ಬಂತೆಂದು ಹೇಳುತ್ತಿದ್ದೆ” ಎಂದರು. ಐವತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಈಗ ಆ ಇಡೀ ರಾತ್ರಿಯ ಆಟಗಳು ಅಪರೂಪ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂಬ ಕೇಂದ್ರದ ನಿಯಮ ಬಂದದ್ದು 2000ದಲ್ಲಿ. ಹಲವು ಮೇಳಗಳು ಇಂದು ಕಾಲಮಿತಿಗೆ ಒಗ್ಗಿಕೊಂಡಿವೆ. ನಿದ್ರೆ ಬೇಕಾದ ರೋಗಿಗಳ, ಪರೀಕ್ಷೆಗೆ ಓದುವ ಮಕ್ಕಳ ಹಕ್ಕು ದೊಡ್ಡದು. ಇದರಲ್ಲಿ ನನಗೆ ತಕರಾರಿಲ್ಲ. ಜಗಲಿಯಲ್ಲಿ ಮಲಗಿ ಚೆಂಡೆ ಕೇಳುವ ಹುಡುಗಿಯೊಬ್ಬಳು ಇನ್ನು ನಮ್ಮೂರುಗಳಲ್ಲಿ ಹುಟ್ಟಲಾರಳು ಎಂಬುದೂ ನಿಜ.

ನಮ್ಮ ಕೊಂಕಣಿ ಸಮುದಾಯಕ್ಕೂ ಬಯಲು ಹೊಸದಲ್ಲ. ಕೊಂಕಣ ಕೋಗಿಲೆ ವಿಲ್ಫಿ ರೆಬಿಂಬಸರ ಹಾಡುಗಳನ್ನು ಮೈದಾನದಲ್ಲಿ ಕುಳಿತು ಕೇಳಿದ ತಲೆಮಾರು ನಮ್ಮದು. ಅವರು 2010ರ ಮಾರ್ಚಿನಲ್ಲಿ ತೀರಿಕೊಂಡಾಗ ಅಮ್ಮ ಒಂದು ದಿನವಿಡೀ ಅವರ ಹಾಡುಗಳನ್ನೇ ಗುನುಗುತ್ತಿದ್ದರು. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯ ಬಯಲು ರಂಗಮಂದಿರವಿದೆ. ಈ ಸಂಸ್ಥೆಯೇ 2008ರ ಜನವರಿ 26 ಮತ್ತು 27ರಂದು ನಲವತ್ತು ಗಂಟೆ ನಿರಂತರ ಕೊಂಕಣಿ ಗಾಯನ ನಡೆಸಿ ಗಿನ್ನೆಸ್ ದಾಖಲೆ ಸೇರಿತು. ವಿರಾಸತ್‌ನಿಂದ ಬಂದ ಮೇಲೆ ನಾನು ಅಮ್ಮನನ್ನು ಕಲಾಂಗಣಕ್ಕೂ ಕರೆದೊಯ್ದೆ. ತಮ್ಮದೇ ಭಾಷೆಯ ಹಾಡಿನ ಮಾತುಗಳು ಅವರಿಗೆ ಅರ್ಧದಷ್ಟೂ ಹಿಡಿಯಲಿಲ್ಲ. ಮಾತು ಕಷ್ಟ, ಸಂಗೀತ ಸುಲಭ ಎಂದರು. ಆ ಬಗ್ಗೆ ಅವರಿಗೆ ದುಃಖವಿದೆ. ಬಯಲು ಎಲ್ಲವನ್ನೂ ಮರಳಿ ಕೊಡಲಿಲ್ಲ.

ವಿರಾಸತ್‌ನ ಆ ರಾತ್ರಿ ಕೊನೆಯ ಹೊತ್ತಿಗೆ ಇಬ್ಬನಿ ಬೀಳತೊಡಗಿತ್ತು. ಕಲಾವಿದರು ತಬಲಾದ ಅಂಚಿಗೆ ಸುತ್ತಿಗೆಯಿಂದ ಮೆಲ್ಲನೆ ಬಡಿದು ಮತ್ತೆ ಶ್ರುತಿ ಸೇರಿಸುತ್ತಿದ್ದರು. ಅಮ್ಮ ಶಾಲನ್ನು ತಲೆಗೆ ಹೊದ್ದುಕೊಂಡರು. ಆದರೆ ಬಲಗಿವಿಯನ್ನು ಹೊರಗೇ ಬಿಟ್ಟಿದ್ದರು. ಹಿಂದಿನ ಸಾಲಿನ ಯುವಕನೊಬ್ಬ ಎದ್ದು ಬಂದು, “ಅಜ್ಜಿ, ಮುಂದೆ ಒಂದು ಕುರ್ಚಿ ಖಾಲಿಯಾಗಿದೆ, ಬನ್ನಿ” ಎಂದ. “ಇಲ್ಲೇ ಚೆನ್ನಾಗಿದೆ ಮಗಾ” ಎಂದರು. ಎರಡನೆಯ ಸಲ ಹೇಳಿಸಿಕೊಳ್ಳದೆ ಅವರು ಅಪರಿಚಿತರೊಬ್ಬರಿಗೆ ಉತ್ತರಿಸಿದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಮರಳುವಾಗ ಕಾರಿನಲ್ಲಿ ಮಗಳು ನಿದ್ರಿಸಿದ್ದಳು. ಅಮ್ಮ ಕಿಟಕಿಯತ್ತ ಮುಖ ಮಾಡಿ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಒಂದು ಹಳೆಯ ಕ್ರಿಸ್ಮಸ್ ಗೀತೆಯ ಎರಡನೆಯ ಸ್ವರ. ಮೊದಲನೆಯ ಸ್ವರವಿಲ್ಲದೆ ಅದು ವಿಚಿತ್ರವಾಗಿ ಕೇಳಿಸುತ್ತಿತ್ತು. ನನಗೆ ಹಾಡಲು ಬಾರದು. ಆದರೂ ತಿಳಿದಷ್ಟು ಮೊದಲ ಸ್ವರವನ್ನು ಹಿಡಿದೆ. ಒಂದೆರಡು ಕಡೆ ಅವರ ಸ್ವರ ಇಳಿಯಿತು, ಬಹುಶಃ ನನ್ನದೂ.

ಸಿದ್ಧಕಟ್ಟೆ ದಾಟುವಾಗ ಹಾಡು ನಿಲ್ಲಿಸಿ ಕೇಳಿದರು, “ನಾಳೆ ಅಲ್ಲಿ ಏನಿದೆ?”

“ನಾಳೆ ಕುಸ್ವಾರಿಗೆ ನೆವ್ರ್ಯೊ, ಕಿಡ್ಯೊ ಮಾಡಬೇಕೆಂದು ಹೇಳಿದ್ದು ಯಾರು?” ಎಂದೆ.

“ಅದನ್ನು ಬೆಳಿಗ್ಗೆ ಮಾಡಿದರಾಯಿತು” ಎಂದರು.